ಎಲ್ಲದಕ್ಕೂ ಹೌದು

ಮೆಣಸಿನಕಾಯಿ ಭಜ್ಜಿ, ಹಿಟ್ಟಿಗೆ ಓಂಕಾಳು ಹಾಕಿದ್ದಾಳೆ, ಎಣ್ಣೆ ಮಾತ್ರ ತುಸು ಹೆಚ್ಚೇ ಕಾದಿದೆ, ಶೈಲಾ, ಉರಿ ಸಣ್ಣ ಮಾಡು, ಎಂದು ವಿಠಲ ಅಡಿಗೆಮನೆಯ ಕಡೆಗೆ ಹೇಳಿದ, ಹೇಳಿದ್ದು ಒಳಗೇ ಉಳಿಯಿತು, ಹೊರಗೆ ಬಂದದ್ದು ಹೌದು, ಬರೀ ಹೌದು, ಏನ್ರೀ, ನೀರು ಬೇಕೇನ್ರಿ ಎಂದು ಹೆಂಡತಿ ಒಳಗಿಂದ ಕೇಳಿದಳು, ಅದಕ್ಕೂ ಹೌದು, ನೀರು ಬಂತು, ಬೇಡದ ನೀರು, ಎರಡು ಗುಟುಕು ಕುಡಿದ, ಗದ್ದದ ಮೇಲೆ ಹರಿದದ್ದನ್ನು ಅವಳು ಸೆರಗಿನಿಂದ ಒರೆಸಿ ಓಡಿದಳು, ಎಣ್ಣೆ ಇನ್ನೂ ಕಾಯುತ್ತಲೇ ಇದೆ — ಮೂಗು ಕೆಟ್ಟಿಲ್ಲ, ಕಿವಿ ಕೆಟ್ಟಿಲ್ಲ, ಕಣ್ಣಂತೂ ಕೆಟ್ಟೇ ಇಲ್ಲ, ಎದುರಿನ ಟೀವಿಯಲ್ಲಿ ಕ್ರಿಕೆಟ್ ಆಟಗಾರರ ಹರಾಜಿನ ಮೇಜುಗಳೆಲ್ಲ ಕಾಣುತ್ತಿವೆ, ತಂಡಕ್ಕೊಂದು ದುಂಡು ಮೇಜು, ಕೋಟು ಹಾಕಿದ ಹುಡುಗರು ಲ್ಯಾಪ್‌ಟಾಪಿನೊಳಗೆ ತಲೆ ತೂರಿಸಿ ಕೂತಿದ್ದಾರೆ, ನಮ್ಮ ಗೋಲ್ಕೊಂಡಾದ ಮೇಜು ಎಡಗಡೆ ಮೂಲೆಗೆ, ಎರಡು ವರ್ಷ ಸತತ ಕೊನೆಯ ಸ್ಥಾನಕ್ಕೆ ಬಿದ್ದವರಿಗೆ ಮೂಲೆಯಲ್ಲದೆ ಇನ್ನೆಲ್ಲಿ ಜಾಗ, ಈ ಸಲ ಹೊಸ ಕೋಚು, ಹೊಸ ಮ್ಯಾನೇಜರು, ಎಲ್ಲ ಕಿತ್ತುಹಾಕಿ ಬುನಾದಿಯಿಂದ ಕಟ್ಟುತ್ತೇವೆ ಎಂದು ಪೇಪರಿನಲ್ಲಿ ಹೇಳಿಕೊಂಡಿದ್ದಾರೆ, ಕೀಳುವುದೇನೋ ಆಯಿತು, ಕ್ಯಾಪ್ಟನ್ ಸೃಜನ್ ರೆಡ್ಡಿಯನ್ನೇ ಕೈಬಿಟ್ಟರು, ಕಟ್ಟುವುದು ಇವತ್ತು, ಈ ಮಧ್ಯಾಹ್ನ, ಇಲ್ಲೇ ಹೈದರಾಬಾದಿನ ಉಪ್ಪಲ್‌ನ ಈ ಮನೆಯಲ್ಲಿ ಕೂತು ನೋಡಬೇಕು, ಪ್ರತಿವರ್ಷ ಹರಾಜಿನ ದಿನ ಇದೇ ಮನೆಯಲ್ಲಿ, ಇದೇ ಬೆತ್ತದ ಕುರ್ಚಿಯಲ್ಲಿ ವಿಠಲ, ಈ ಕೋಣೆಯ ಮಟ್ಟಿಗೆ ವಿಠಲನೇ ಚೇರ್‌ಮನ್, ಯಾರನ್ನು ಕೊಳ್ಳಬೇಕು ಯಾರನ್ನು ಬಿಡಬೇಕು ಎಂದು ಕೊನೆಯ ಮಾತು ಅವನದು — ಈಗ ಬಲಗೈ ದಿಂಬಿನ ಮೇಲೆ ಬೇರೆ ಯಾರೋ ಮರೆತುಹೋದ ಸಾಮಾನಿನ ಹಾಗೆ ಬಿದ್ದುಕೊಂಡಿದೆ, ಶ್ರಾವಣದಲ್ಲಿ ಲಕ್ವಾ ಹೊಡೆದು ಕೈ ಹೋಯಿತು, ಕಾಲು ಅರ್ಧ ಹೋಗಿ ಅರ್ಧ ಬಂತು, ಮಾತು ಹೋದದ್ದು ಹೋಯಿತು, ನಾಲಿಗೆಯ ಮೇಲೆ ಒಂದೇ ಒಂದು ಶಬ್ದ ಬಿಟ್ಟು ಹೋಯಿತು, ಇದ್ದಬಿದ್ದ ಶಬ್ದಗಳಲ್ಲಿ ಅದನ್ನೇ ಯಾಕೆ ಬಿಟ್ಟಿತೋ, ಇಲ್ಲ ಎಂಬುದನ್ನಾದರೂ ಬಿಡಬಾರದಿತ್ತೇ.

ಲೇ ವಿಠ್ಠ್ಯಾ, ನೀ ಏನಂತಿ ಗೊತ್ತೈತಿ ಬಿಡು — ಇದು ಶಿವಪ್ರಕಾಶ, ಸೋಫಾದ ಮೇಲೆ, ಕಾಲು ಮಡಚಿಕೊಂಡು, ಹಿಮಾಯತ್‌ನಗರದಲ್ಲಿ ಇಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟವನು, ಭಾನುವಾರ ಅಂಗಡಿ ಮುಚ್ಚಿ ಮೆಟ್ರೊ ಹತ್ತಿ ತಪ್ಪದೆ ಬರುತ್ತಾನೆ, ಇವತ್ತು ಭಾನುವಾರವಲ್ಲ, ಹರಾಜಿಗೆಂದು ಮಗನನ್ನು ಅಂಗಡಿಯಲ್ಲಿ ಕೂರಿಸಿ ಬಂದಿದ್ದಾನೆ — ನೀ ಏನಂತಿ, ದೊಡ್ಡ ಹೆಸರಿನ ಹಿಂದ ಓಡಬ್ಯಾಡ್ರಿ, ಬೌಲರ್ಸ್ ತಗೋರಿ, ಹುಡುಗ್ರನ್ನ ತಗೋರಿ, ಮೂರು ವರ್ಷ ತಡ್ಕೋರಿ, ಹೌದಿಲ್ಲ, ಹೌದು, ನೋಡು, ನಾ ಹೇಳ್ಳಿಲ್ಲೇನ, ಅದಕ್ಕ ನಾ ಏನಂತೀನಿ, ಮೂರು ವರ್ಷ ತಡ್ಕೊಳ್ಳಾಕ ನಾವೇನು ಸಣ್ಣ ಹುಡುಗ್ರೇನೋ, ನಮಗ ಇರೂದs ಇನ್ನೆಷ್ಟು ಸೀಸನ್ನು, ಕಪ್ ನೋಡಿ ಸಾಯೂನೋ ಬ್ಯಾಡೋ — ಹೀಗೆ ಅವನೇ ಕೇಳುತ್ತಾನೆ, ಅವನೇ ಉತ್ತರ ಕೊಡುತ್ತಾನೆ, ಮೊದಲು ಜಗಳದಲ್ಲಿ ಅರ್ಧ ಅವನದು ಅರ್ಧ ವಿಠಲನದು ಆಗಿತ್ತು, ಶ್ರಾವಣದಿಂದ ಪೂರ್ತಿ ಜಗಳವನ್ನು ಅವನೊಬ್ಬನೇ ಹೊತ್ತುಕೊಂಡಿದ್ದಾನೆ, ವಿಠಲನ ಪಾಲಿನದನ್ನು ಹೇಳುವಾಗ ದನಿ ಸ್ವಲ್ಪ ಇಳಿಸುತ್ತಾನೆ, ವಿಠಲ ಹಾಗೇ ಮಾತಾಡುತ್ತಿದ್ದ, ನಾಚಾರಂನ ಪಂಪಿನ ಫ್ಯಾಕ್ಟರಿಯಲ್ಲಿ ಲಾರಿ ತುಂಬಿಸುವ ಮೇಲುಸ್ತುವಾರಿ ಮಾಡಿದವನು, ಗದ್ದಲದಲ್ಲಿ ಕೂಗಿ ಪ್ರಯೋಜನವಿಲ್ಲ, ತಗ್ಗಿದ ದನಿಗೇ ಜನ ಕಿವಿ ಕೊಡುತ್ತಾರೆ ಎಂದು ಕಂಡುಕೊಂಡವನು, ಅದನ್ನೂ ಶಿವಪ್ರಕಾಶ ಗಮನಿಸಿಟ್ಟುಕೊಂಡಿದ್ದನಲ್ಲ, ಇಷ್ಟು ವರ್ಷ ಬರೀ ಕಿರುಚುತ್ತಿದ್ದಾನೆ ಎಂದುಕೊಂಡಿದ್ದೆ, ಕೇಳಿಸಿಕೊಳ್ಳುತ್ತಲೂ ಇದ್ದ. ಒಮ್ಮೊಮ್ಮೆ ತಪ್ಪು ಹೇಳುತ್ತಾನೆ, ವಿಠ್ಠ್ಯಾ ಸೃಜನ್‌ನನ್ನ ಬಿಟ್ಟಿದ್ದು ಛಲೋ ಆತಂತಾನ ಎಂದು ಹೋದ ವಾರ ಹೇಳಿದ, ಅಲ್ಲವೋ, ನಾನು ಹಾಗೆ ಹೇಳುವವನೇ ಅಲ್ಲ, ಆ ಹುಡುಗ ಇದೇ ಉಪ್ಪಲ್‌ನ ಮೈದಾನದಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೊನೇ ಓವರ್ ಆಡಿದ್ದನ್ನು ನಾವಿಬ್ಬರೂ ನೋಡಿದ್ದೇವೆ, ಎಂದು ಎಷ್ಟು ಒದ್ದಾಡಿದ, ಬಂದದ್ದು ಹೌದು, ಹೌದು ಹೌದು, ಶಿವಪ್ರಕಾಶ ತೊಡೆ ತಟ್ಟಿ ನಕ್ಕ, ಆ ಇಡೀ ಸಂಜೆ ವಿಠಲನಿಗೆ ಊಟ ಸೇರಲಿಲ್ಲ. ಇಬ್ಬರಿಗೂ ಗುರುತಾದದ್ದೂ ಆ ಮೈದಾನದಲ್ಲೇ, ಗೋಲ್ಕೊಂಡಾದ ಮೊದಲ ವರ್ಷ, ಬೌಂಡರಿಯಲ್ಲಿ ಒಬ್ಬ ಸಲೀಸು ಕ್ಯಾಚು ಕೈಚೆಲ್ಲಿದ, ತೆಲುಗು ಹಿಂದಿ ಬೈಗುಳದ ಸಮುದ್ರದ ನಡುವೆ ಅವನೌನ್, ಬಿಟ್ನಲ್ಲೋ ಎಂದು ಎರಡು ಗಂಟಲು ಒಟ್ಟಿಗೇ ಕೂಗಿದವು, ಒಂದು ವಿಠಲನದು, ಇನ್ನೊಂದು ಹಿಂದಿನ ಸಾಲಿನಿಂದ, ತಿರುಗಿ ನೋಡಿದರೆ ಬೆವರಿಳಿಯುವ ದುಂಡುಮುಖ, ಯಾವೂರ್ರಿ, ಸಿಂದಗಿ, ನಿಮ್ದು, ಮುದ್ದೇಬಿಹಾಳ, ಅಷ್ಟೇ, ಮ್ಯಾಚು ಸೋತರು, ಇವರಿಬ್ಬರೂ ಗೇಟಿನ ಹೊರಗೆ ಜನ ಕರಗುವವರೆಗೆ ನಿಂತು ಜಗಳವಾಡಿದರು, ಆ ಕ್ಯಾಚಿನ ತಪ್ಪು ಫೀಲ್ಡರಿನದೋ ಅಲ್ಲಿ ಅವನನ್ನು ನಿಲ್ಲಿಸಿದ ಕ್ಯಾಪ್ಟನ್ನಿನದೋ ಎಂದು, ಆ ಜಗಳ ಇನ್ನೂ ಮುಗಿದಿಲ್ಲ.

ಅಂಕಲ್, ನೀವು ಅವರ ಬಾಯಿಗೆ ನಿಮ್ಮ ಮಾತು ತುರುಕಬೇಡಿ ಮಾರಾಯ್ರೆ — ಇದು ಚಂದ್ರಹಾಸ, ಟೀವಿಯ ಮುಂದೆ ನೆಲದ ಮೇಲೆ, ಕುಂದಾಪುರದ ಕಡೆಯವನು, ಮಹಡಿಯ ಮೇಲಿನ ಕೋಣೆಯ ಬಾಡಿಗೆದಾರ, ಉಪ್ಪಲ್‌ನ ಐಟಿ ಪಾರ್ಕಿನಲ್ಲಿ ಕೆಲಸ, ಇವತ್ತು ಮನೆಯಿಂದಲೇ ಕೆಲಸವಂತೆ, ಲ್ಯಾಪ್‌ಟಾಪ್ ತೊಡೆಯ ಮೇಲೆ ಸುಮ್ಮನೆ ತೆರೆದಿದೆ — ರೀಬಿಲ್ಡ್ ಅಂದ್ರೆ ಹಾಗಲ್ಲ, ಬೆನ್ನೆಲುಬು ಅಂತ ಒಂದು ಬೇಕಲ್ಲ, ಒಬ್ಬ ಸ್ಟಾರ್ ಇದ್ರೆ ಅವನ ಸುತ್ತ ಹುಡುಗರನ್ನ ಕಟ್ಟಬಹುದು, ಆದ್ರೆ ನೀವು ಹೇಳುವ ಆ ಫಾರಿನ್ ಬ್ಯಾಟ್ಸ್‌ಮನ್ ಹಾರ್ಟ್‌ವೆಲ್ ಸ್ಟಾರ್ ಅಲ್ಲ ಅಂಕಲ್, ಮೊಣಕಾಲು ಹೋಗಿದೆ, ಬರೀ ಹೆಸರು, ಶಿವಪ್ರಕಾಶ ಕೆರಳಿದ, ಮೊಣಕಾಲು ಯಾರಿಗೆ ಹೋಗಿಲ್ಲೋ ತಮ್ಮಾ, ನನಗೂ ಹೋಗೇತಿ, ಅವ ನಿಂತs ನಾಕು ಸಿಕ್ಸ್ ಹೊಡೀತಾನ, ವಿಠಲ್ ಅಂಕಲನ್ನೇ ಕೇಳುವ ಎಂದ ಚಂದ್ರಹಾಸ, ಅಂಕಲ್, ಹಾರ್ಟ್‌ವೆಲ್ ಬೇಡ ಅಲ್ವಾ, ಹೌದು, ಕೇಳಿದ್ರಾ, ಏ ತಡಿ, ವಿಠ್ಠ್ಯಾ, ಹಾರ್ಟ್‌ವೆಲ್ ಬೇಕಲ್ಲ, ಹೌದು, ಇಬ್ಬರೂ ಹೋ ಎಂದು ನಕ್ಕರು, ವಿಠಲನೂ ನಕ್ಕ, ನಗು ಮಾತ್ರ ಮೊದಲಿನದೇ ಬರುತ್ತದೆ, ನಕ್ಕಾಗ ಅವರಿಗೆ ಸಮಾಧಾನ, ಇವನು ಆರಾಮಿದ್ದಾನೆ ಎಂದು, ತಲೆ ಅಡ್ಡ ಆಡಿಸಿ ಬೇಡ ಎನ್ನಲು ಹೋದರೆ ತಲೆಯೂ ನಾಲಿಗೆಯ ಬೆನ್ನು ಹಿಡಿದು ಮೇಲೆ ಕೆಳಗೆ ಆಡುತ್ತದೆ, ಆಸ್ಪತ್ರೆಯ ಮಾತು ಕಲಿಸುವ ಹುಡುಗಿ ಚಿತ್ರ ತೋರಿಸಿ ಇದೇನು ಅಂಕಲ್ ಎನ್ನುತ್ತಾಳೆ, ಛತ್ರಿ, ಅದು ಛತ್ರಿ ತಾಯೀ, ಕರಿ ಬಟ್ಟೆಯ, ಮರದ ಹಿಡಿಕೆಯ ಛತ್ರಿ, ಹೌದು, ಪರವಾಗಿಲ್ಲ ಅಂಕಲ್, ಇದು, ಕೀಲಿ, ಹೌದು, ಪೆನ್ನು ಎಡಗೈಗೆ ಕೊಟ್ಟರೆ ಅಕ್ಷರಗಳು ತುಳಿದ ಇರುವೆಸಾಲಿನಂತೆ ದಿಕ್ಕಾಪಾಲು. ನಿಜವಾಗಿ ಯಾರಾದರೂ ಕೇಳಿದ್ದರೆ, ಕೇಳಿ ಉತ್ತರಕ್ಕೆ ಕಾದಿದ್ದರೆ, ವಿಠಲ ಹೇಳುತ್ತಿದ್ದುದು ಒಂದೇ ಹೆಸರು, ಯಾದಗಿರಿ, ಮಹಬೂಬ್‌ನಗರದ ಎಡಗೈ ವೇಗಿ, ಹೋದ ಚಳಿಗಾಲದಲ್ಲಿ ಒಂದು ರಣಜಿ ಪಂದ್ಯ, ಸ್ಟ್ಯಾಂಡಿನಲ್ಲಿ ಕಾಗೆ ಬಿಟ್ಟರೆ ಯಾರೂ ಇಲ್ಲ, ಬಿಸಿಲಿಗೆ ಬೆನ್ನು ಕೊಟ್ಟು ಶೇಂಗಾ ಸುಲಿಯುತ್ತ ವಿಠಲ ಮತ್ತು ಶಿವಪ್ರಕಾಶ ಕೂತಿದ್ದರು, ಆ ತೆಳ್ಳನೆ ಹುಡುಗ ಹಳೆಯ ಚೆಂಡನ್ನು ಒಳಗೆ ತಿರುಗಿಸಿ ಮಧ್ಯದ ಸ್ಟಂಪು ಹಾರಿಸಿದ, ನೋಡಿಕೋ, ಇವನನ್ನು ನಮ್ಮವರು ತೆಗೆದುಕೊಳ್ಳದಿದ್ದರೆ ಅವರಷ್ಟು ಮೂರ್ಖರಿಲ್ಲ, ಎಂದಿದ್ದ ವಿಠಲ, ಇಂಥವರು ಓಣಿಗೊಬ್ಬರು ಅದಾರ ಎಂದಿದ್ದ ಶಿವಪ್ರಕಾಶ, ಇವತ್ತಿನ ಹರಾಜಿನಲ್ಲಿ ಯಾದಗಿರಿಯ ಹೆಸರೂ ಇದೆ, ಯಾವಾಗ ಬರುತ್ತದೋ.

ಹಾರ್ಟ್‌ವೆಲ್ ಮೊದಲು ಬಂದ, ಪರದೆಯ ಮೇಲೆ ಅವನ ಚಿನ್ನದ ಬಣ್ಣದ ಗಡ್ಡ, ಗೋಲ್ಕೊಂಡಾದ ಮೇಜಿನ ಹುಡುಗಿ ಬೆಲೆ ಏರಿಸುವ ಹಲಗೆ ಎತ್ತಿದಳು, ಎತ್ತು ತಾಯೀ ಎತ್ತು, ಶಿವಪ್ರಕಾಶ ಸೋಫಾದ ಅಂಚಿಗೆ ಸರಿದ, ಮುಂಬೈನವರು ಎತ್ತಿದರು, ಇವಳು ಎತ್ತಿದಳು, ಕೋಟಿಗಳು ಪರದೆಯ ಮೂಲೆಯಲ್ಲಿ ಏರುತ್ತ ಹೋದವು, ಕೋಚು ಅವಳ ಕಿವಿಯಲ್ಲಿ ಏನೋ ಅಂದ, ಹಲಗೆ ಮೇಜಿನ ಮೇಲೆ ಮಲಗಿತು, ಮತ್ತೆ ಏಳಲಿಲ್ಲ, ಸುತ್ತಿಗೆ ಬಿತ್ತು, ಹೋತಲ್ಲೋ, ಕೈಗೆ ಬಂದದ್ದು ಬಿಟ್ರಲ್ಲೋ ಹೇಡಿಗೋಳು, ಎಂದು ಶಿವಪ್ರಕಾಶ ಹಣೆ ಒತ್ತಿಕೊಂಡು ಹಿಂದಕ್ಕೆ ಒರಗಿದ, ಕುತ್ತಿಗೆ ಕೆಂಪಾಗಿತ್ತು, ಬೆಳಿಗ್ಗಿಂದ ತೆಲಿ ಒಂದs ಸವನ ಗಿಂವ್ ಅನ್ನಾಕತ್ತೈತಿ, ಇವರು ಬ್ಯಾರೆ, ವೈನೀ, ಚಹಾ ಕೊಡ್ರಿ, ಶೈಲಾ ಚಹಾ ತಂದಳು, ಜೊತೆಗೆ ಮೊದಲ ಸುತ್ತಿನ ಭಜ್ಜಿ, ನಿಮ್ಮ ಬಿ.ಪಿ. ಗುಳಿಗಿ ತಗೊಂಡ್ರೇನ್ರಿ ಅಣ್ಣಾರ ಎಂದು ಕೇಳಿದಳು, ಹರಾಜು ಮುಗೀಲಿ ವೈನೀ, ಅದೇನ್ ಓಡಿ ಹೊಕ್ಕತೇನು, ಅವಳು ಎರಡನೆಯ ಸುತ್ತಿಗೆ ಒಳಗೆ ಹೋದಳು, ಅವನು ಒಂದು ಭಜ್ಜಿ ಇಡಿಯಾಗಿ ಬಾಯಿಗೆ ಹಾಕಿಕೊಂಡ, ಚಂದ್ರಹಾಸ ಸೃಜನ್‌ನನ್ನು ಯಾರೂ ಕೊಳ್ಳದೆ ಉಳಿದರೆ ಎಷ್ಟು ಅವಮಾನ ಎಂದು ಏನೋ ಹೇಳುತ್ತಿದ್ದಾನೆ, ಆಗ ಪರದೆಯ ಮೇಲೆ ಆ ತೆಳ್ಳನೆ ಮುಖ ಬಂತು, ಕೆಳಗೆ ಹೆಸರು, ಯಾದಗಿರಿ, ಎಡಗೈ ವೇಗಿ, ಹೇಳು, ಶಿವಪ್ರಕಾಶ, ನನ್ನ ಪಾಲಿನದು ಹೇಳು, ನೋಡಿಕೋ ಎಂದಿದ್ದೆನಲ್ಲ, ಎಂದು ವಿಠಲ ಅವನ ಕಡೆಗೆ ತಿರುಗಿದ. ಶಿವಪ್ರಕಾಶ ನಗುತ್ತಿದ್ದ. ಅರ್ಧ ನಗುತ್ತಿದ್ದ. ಎಡಗಡೆಯ ತುಟಿ ಮೇಲೆ ಹೋಗಿತ್ತು, ಬಲಗಡೆಯದು ಹೋಗಿರಲಿಲ್ಲ, ಬಲಗಡೆಯದು ಒದ್ದೆ ಬಟ್ಟೆಯಂತೆ ಜೋತಿತ್ತು, ಅಗಿದ ಭಜ್ಜಿಯ ಚೂರು ಅಲ್ಲಿಂದ ಹೊರಗೆ ಬಂದು ಗದ್ದದ ಮೇಲೆ ಕೂತಿತ್ತು, ಅವನಿಗೆ ಅದು ಗೊತ್ತಿರಲಿಲ್ಲ.

ವಿಠಲನಿಗೆ ಗೊತ್ತು, ಇಡೀ ಹೈದರಾಬಾದಿನಲ್ಲಿ ಆ ಗಳಿಗೆಯಲ್ಲಿ ಅದು ವಿಠಲನೊಬ್ಬನಿಗೇ ಗೊತ್ತು, ಶ್ರಾವಣದ ಆ ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ತಾನಾಗಿ ಒಂದು ಮಗ್ಗುಲಿಂದ ಸುರಿದಿತ್ತು, ಕನ್ನಡಿಯಲ್ಲಿ ಅರ್ಧ ಮುಖ ಇನ್ನರ್ಧದಿಂದ ಜಾರಿತ್ತು, ನೋವಿಲ್ಲ, ಏನೂ ಇಲ್ಲ, ಅದೇ ಅದರ ಮೋಸ, ನೋವಿಲ್ಲದೆ ಮನೆ ಖಾಲಿ ಮಾಡಿಸುತ್ತದೆ — ಚಂದ್ರಹಾಸ, ಅವನನ್ನು ನೋಡು, ಟೀವಿ ಬಿಡು, ಅವನ ಬಾಯಿ ನೋಡು, ಹೌದು, ಹೌದು, ಚಂದ್ರಹಾಸ ತಿರುಗಿ ವಿಠಲನನ್ನು ನೋಡಿ ಮುಖ ಅರಳಿಸಿದ, ಅಂಕಲಿಗೆ ಈ ಹುಡುಗ ಬೇಕು, ಹೌದಾ ಅಂಕಲ್, ಹೌದು, ಅಲ್ಲ, ಯಾದಗಿರಿ ಹಾಳಾಗಿ ಹೋಗಲಿ, ಅವನ ಕೈ ನೋಡು, ಚಹದ ಬಟ್ಟಲು ಓರೆಯಾಗುತ್ತಿದೆ, ಹೌದು, ಹೌದು, ಗೋಲ್ಕೊಂಡಾದ ಹುಡುಗಿ ಹಲಗೆ ಎತ್ತಿದಳು, ಎತ್ತಿದ್ರು ಅಂಕಲ್ ಎತ್ತಿದ್ರು, ಚಹಾ ಶಿವಪ್ರಕಾಶನ ಪ್ಯಾಂಟಿನ ಮೇಲೆ ಸುರಿಯುತ್ತಿದೆ, ಕುದಿಯುವ ಚಹಾ, ಅವನು ಕೊಡವಿಕೊಳ್ಳುವುದಿಲ್ಲ, ತೊಡೆಯ ಕಡೆ ನೋಡುವುದೂ ಇಲ್ಲ, ಅಲ್ಲೇ ಆ ಅರ್ಧ ನಗು, ಏನೋ ಹೇಳಿದ, ಲೊಳಲೊಳ ಎಂದಿತು, ತಿಂದು ಮಾತಾಡಿ ಅಂಕಲ್, ಬಾಯಿ ತುಂಬಾ ಭಜ್ಜಿ ಎಂದು ಚಂದ್ರಹಾಸ ಟೀವಿಯಿಂದ ಕಣ್ಣು ಕೀಳದೆ ನಕ್ಕ, ವಿಠಲ ಎಡಗೈ ಊರಿ ಏಳಲು ಹೋದ, ಕುರ್ಚಿ ಕಿರುಗುಟ್ಟಿತು, ಬಲಗಾಲು ಮಡಚಿತು, ಮತ್ತೆ ಧೊಪ್ಪನೆ ಕೂತ, ಎಡಗೈಗೆ ಸಿಕ್ಕಿದ್ದು ರಿಮೋಟು, ಎಸೆದ, ಅದು ಹೋಗಿ ಗೋಡೆಗೆ ಬಡಿದು ಸೆಲ್ಲುಗಳು ಉರುಳಿದವು, ಚೆನ್ನೈನವರು ಹಲಗೆ ಎತ್ತಿದ್ದರು, ಸಿಟ್ಟು ಮಾಡ್ಕೊಬೇಡಿ ಅಂಕಲ್, ನಮ್ಮವರು ಬಿಡೋದಿಲ್ಲ, ನೋಡಿ, ಮತ್ತೆ ಎತ್ತಿದ್ರು, ಹೌದು, ಹೌದು, ಹೌದು, ಗಂಟಲು ಹರಿಯುವ ಹಾಗೆ ಕೂಗಿದ, ಸುತ್ತಿಗೆ ಬಿತ್ತು, ಯಾದಗಿರಿ ಗೋಲ್ಕೊಂಡಾಕ್ಕೆ, ಚಂದ್ರಹಾಸ ಎದ್ದು ಕುಣಿದ, ಬಂದು ವಿಠಲನನ್ನು ಕುರ್ಚಿ ಸಮೇತ ಬಾಚಿ ತಬ್ಬಿದ, ಅವನ ಅಂಗಿ ವಿಠಲನ ಮುಖಕ್ಕೆ ಒತ್ತಿತು, ಸಾಬೂನಿನ ವಾಸನೆ, ಕತ್ತಲೆ, ಆ ಕತ್ತಲೆಯೊಳಗೂ ಅರ್ಧ ಮೇಲೆ ಅರ್ಧ ಕೆಳಗೆ, ಬಿಡೋ, ಸರಿಯೋ, ನೀನು ತಬ್ಬಿದಷ್ಟು ಹೊತ್ತೂ ಅವನು ಹೋಗುತ್ತಿದ್ದಾನೆ, ಹೌದು, ಗೊತ್ತು ಅಂಕಲ್ ಗೊತ್ತು, ನೀವು ಹೇಳಿದ ಹುಡುಗನೇ ಬಂದ, ಶಿವಪ್ರಕಾಶ್ ಅಂಕಲ್ ಸೋತ್ರು, ನೋಡಿ ಬೇಕಾದ್ರೆ, ಅವರಿಗೆ ಮಾತೇ ಹೊರಡ್ತಿಲ್ಲ.

ಶೈಲಾ ಎರಡನೆಯ ಸುತ್ತಿನ ತಟ್ಟೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು, ಅವಳು ನೋಡಿದ್ದು ವಿಠಲನನ್ನು, ಗಂಡನ ಕಣ್ಣನ್ನು, ಆ ಕಣ್ಣು ಹೋದ ದಿಕ್ಕಿಗೆ ತಿರುಗಿದಳು, ತಟ್ಟೆಯನ್ನು ಎಲ್ಲಿಟ್ಟಳೋ, ಅಣ್ಣಾರ, ಅಣ್ಣಾರ, ಇಲ್ಲಿ ನೋಡ್ರಿ, ನನ್ನ ಕೈ ಹಿಡೀರಿ, ಗಟ್ಟಿ ಹಿಡೀರಿ, ಶಿವಪ್ರಕಾಶನ ಕೈ ಅವಳ ಕೈಯಿಂದ ಜಾರಿತು, ಅಯ್ಯೋ ದೇವರೇ, ಇವ್ರಿಗೆ ಆದಂಗs ಆಗೇತಿ, ಚಂದ್ರಹಾಸ, ಕಾರ್ ತಗೀಪಾ, ಲಗೂ ತಗಿ, ಆ ಹುಡುಗನ ಮುಖ ಸುಣ್ಣದ ಹಾಗಾಯಿತು, ನಾನು, ನಾನು ಟೀವಿ ನೋಡ್ತಿದ್ದೆ ಆಂಟಿ, ಭಜ್ಜಿ ತಿನ್ತಿದ್ದಾರೆ ಅಂದ್ಕೊಂಡೆ, ಎನ್ನುತ್ತಲೇ ಕೀಲಿ ಹುಡುಕಿದ, ಇಬ್ಬರೂ ಶಿವಪ್ರಕಾಶನ ಕಂಕುಳಿಗೆ ಕೈ ಹಾಕಿ ಎಬ್ಬಿಸಿದರು, ಅವನ ಒಂದು ಕಾಲು ಹಿಂದೆ ಎಳೆದುಕೊಂಡು ಬಂತು, ವಿಠಲನ ಕುರ್ಚಿಯನ್ನು ದಾಟುವಾಗ ಅವನು ತಲೆ ಈ ಕಡೆ ಹೊರಳಿಸಿದ, ಏನೋ ಹೇಳಲು ಹೋದ, ಅವನಿಗೆ ಇನ್ನೂ ತಿಳಿದಿರಲಿಲ್ಲ ಮಾತು ಬರುತ್ತಿಲ್ಲವೆಂದು, ಹೇಳಿದ್ದೇನೆ ಎಂದೇ ಅವನ ಲೆಕ್ಕ, ಜಗಳದ ಮುಂದಿನ ಸಾಲು, ಓಣಿಗೊಬ್ಬರು ಅದಾರ ಎಂಬಂಥದ್ದೇ ಏನೋ, ಹೇಳಿ ವಿಠಲನ ಉತ್ತರಕ್ಕೆ ಕಾದ, ಕಾಯುತ್ತ ಅದೇ ಅರ್ಧ ನಗು, ವಿಠಲ ಎಡಗೈ ಚಾಚಿ ಅವನ ಅಂಗಿಯ ತುದಿ ಹಿಡಿದ, ಹೆದರಬೇಡ, ನಾನು ಉಳಿದಿಲ್ಲವೇ, ಹೌದು, ಬಿಡ್ರೀ, ಬಿಡ್ರೀ ಅವರನ್ನ ಎಂದು ಶೈಲಾ ಬೆರಳು ಬಿಡಿಸಿದಳು, ಮೆಟ್ಟಿಲ ಮೇಲೆ ಕಾಲುಸಪ್ಪಳ, ಕೆಳಗೆ ಕಾರಿನ ಬಾಗಿಲು, ಅವಳ ದನಿ ಪಕ್ಕದ ಮನೆಯವರನ್ನು ಕೂಗಿದ್ದು, ಸುಗಲಮ್ಮಾರೇ, ನಮ್ಮನಿಯವ್ರ ಕಡೆ ಸ್ವಲ್ಪ ಕುಂದರ್ರಿ.

ಸುಗಲಮ್ಮ ಬಂದು ಸೋಫಾದ ಮೇಲೆ ಕೂತಳು, ಚಹಾ ಚೆಲ್ಲಿದ ಜಾಗ ಬಿಟ್ಟು, ರಾಯಚೂರಿನ ಕಡೆಯ ಮುದುಕಿ, ಯಣ್ಣಾ, ದೇವರದಾನ, ಏನೂ ಆಗಾದಿಲ್ಲ, ಎಂದಳು, ಹೌದು, ಟೀವಿಯಲ್ಲಿ ಯಾರೋ ಯಾರನ್ನೋ ಕೊಳ್ಳುತ್ತಲೇ ಇದ್ದಾರೆ, ಇವರೆಲ್ಲ ಯಾರು, ಏನ ಮಾರಾಕತ್ಯಾರ ಎಂದು ಕೇಳಿದಳು, ಹೌದು, ಬಿಸಿಲು ಕಿಟಕಿಯ ಸರಳಿನಿಂದ ಕೆಳಗಿಳಿದು ನೆಲಕ್ಕೆ ಬಂತು, ಸಿಗ್ನಲ್ಲಿನಲ್ಲಿ ನಿಂತಿರಬಹುದು ಈಗ, ಮೆಟ್ರೊ ಕಂಬಗಳ ಕೆಳಗೆ ಆ ಇಕ್ಕಟ್ಟಿನಲ್ಲಿ, ತಾರ್ನಾಕಾದ ಕಡೆ ಹೋದರೋ ಎಲ್.ಬಿ. ನಗರದ ಕಡೆಯೋ, ಹತ್ತಿರದ ಆಸ್ಪತ್ರೆಗೇ ಹೋಗಬೇಕು, ನನ್ನನ್ನು ಒಯ್ದದ್ದು ದೂರವಾಯಿತು, ತಡವಾಯಿತು ಎಂದು ಡಾಕ್ಟರು ಹೇಳಿದ್ದರು, ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆಯಂತೆ, ಶುರುವಾದ ಸ್ವಲ್ಪ ಹೊತ್ತಿನೊಳಗೆ ಕೊಟ್ಟರೆ ಸೈ, ಹೊತ್ತು ಮೀರಿ ಕೊಟ್ಟರೆ ತಲೆಯೊಳಗೆ ರಕ್ತನಾಳ ಒಡೆದು ಜೀವಕ್ಕೇ ಎರವು — ಸುಗಲಮ್ಮನ ಫೋನು ಬಡಿದುಕೊಂಡಿತು, ಶೈಲಮ್ಮ ಮಾತಾಡ್ತಾಳಂತ ಎಂದು ಮುದುಕಿ ಅದನ್ನು ವಿಠಲನ ಕಿವಿಗೆ ಹಿಡಿದಳು, ಏನ್ರೀ, ಕೇಳಸ್ತೈತೇನ್ರಿ, ಹೌದು, ಡಾಕ್ಟರ್ ಕೇಳಾಕತ್ತಾರ್ರಿ, ಯಾವಾಗ ಸುರು ಆತು ಅಂತ, ಬೆಳಿಗ್ಗೆನs ತೆಲಿ ಗಿಂವ್ ಅಂತಿತ್ತು ಅಂತ ನಾ ಹೇಳಿಬಿಟ್ಟೆ, ಹಂಗಾದ್ರ ಬೆಳಿಗ್ಗೆನs ಸುರು ಆಗಿರಬೇಕು, ಇಂಜೆಕ್ಷನ್ ಕೊಡಾಕ ಬರಂಗಿಲ್ಲ ಅಂತಾರ್ರಿ, ಚಂದ್ರಹಾಸ ನೋಡಿಲ್ಲಂತ, ನೀವು ನೋಡಿರೇನ್ರಿ, ಹೌದು, ಬೆಳಿಗ್ಗೆ ಅಲ್ಲ ಶೈಲಾ, ಬೆಳಿಗ್ಗೆ ಅಲ್ಲವೇ ಅಲ್ಲ, ಚಹಾ ತೆಗೆದುಕೊಳ್ಳುವಾಗ ಸರಿಯಾಗಿದ್ದ, ನಿನಗೆ ಉತ್ತರ ಕೊಟ್ಟನಲ್ಲ, ಯಾದಗಿರಿಯ ಮುಖ ಪರದೆಗೆ ಬಂದಾಗ, ಆಗ, ಆಗಲೇ, ನಾನು ಕಣ್ಣಾರೆ ಕಂಡೆ, ಹೌದು, ಹೌದು, ತಡೀರಿ, ನಾ ಒಂದೊಂದs ಕೇಳ್ತೀನಿ, ಚಹಾ ಕೊಡುಮುಂದ ನಾ ಅವರ ಮಾರಿ ಸರಿಯಾಗಿ ನೋಡಲಿಲ್ಲ, ಬಂದಾಗನs ಬಾಯಿ ಸೊಟ್ಟ ಇತ್ತೇನ್ರಿ, ಹೌದು, ಅಲ್ಲ, ಅಲ್ಲ, ಹಲ್ಲು ಕಚ್ಚಿದ, ಉಸಿರು ಹಿಡಿದ, ಈ ಒಂದು ಸಲ, ದೇವರೇ, ಈ ಒಂದೇ ಸಲ, ಹಾಂಗಾರ ಚಹಾ ಕೊಟ್ಟ ಮ್ಯಾಲೇನ್ರಿ, ಹೌದು, ಇದು ನಿಜವಾದ ಹೌದು ಶೈಲಾ, ಇದೇ, ಇದನ್ನೇ ಹಿಡಿ, ಎರಡಕ್ಕೂ ಹೌದಂದ್ರ ನಾ ಏನಂತ ಹೇಳ್ಲಿ ಅವರಿಗೆ, ಎಂದು ಅವಳು ಅತ್ತಳು, ಹಿಂದೆ ಯಾರೋ ತೆಲುಗಿನಲ್ಲಿ ಅವಸರಿಸಿದರು, ಒಂದು ಗಾಲಿ ಮಂಚ ಉರುಳಿದ ಸದ್ದು, ಸುಳ್ಳು ಹೇಳಿ ಅವರ ಜೀವಾ ಹೋದ್ರ ನಾ ಹೆಂಗ ಬದುಕ್ಲಿ, ಫೋನು ಕಡಿಯಿತು.

ಸುಗಲಮ್ಮನ ಸೆರಗು ಹಿಡಿದು ಟೀವಿ ತೋರಿಸಿದ, ಎಡಗೈಯ ಬೆರಳು ಇನ್ನೂ ನೆಟ್ಟಗಿದೆ, ಪರದೆಯಲ್ಲಿ ಈಗ ಗೋಲ್ಕೊಂಡಾ ಕೊಂಡ ಆಟಗಾರರ ಮುಖಗಳು ಒಂದೊಂದಾಗಿ ಬರುತ್ತಿದ್ದವು, ಯಾದಗಿರಿಯೂ ಬಂದ, ಇವನು, ಇವನು ಬಂದಾಗ, ಅವಳಿಗೆ ಫೋನು ಮಾಡಿ ಇಷ್ಟೇ ಹೇಳು ತಾಯೀ, ಯಾದಗಿರಿ ಎನ್ನು, ಚಂದ್ರಹಾಸನಿಗೆ ಅರ್ಥವಾಗುತ್ತದೆ, ಹೌದು, ಹೌದು, ಮುದುಕಿ ಪರದೆ ನೋಡಿದಳು, ಅವನ ಮುಖ ನೋಡಿದಳು, ಗದ್ಲ ಆಗಾಕತ್ತೈತೇನು ಯಣ್ಣಾ, ಬಂದ್ ಮಾಡ್ಲೇನು, ಹೌದು, ಎದ್ದು ಹೋಗಿ ಗೋಡೆಯ ಸ್ವಿಚ್ಚು ಒತ್ತಿದಳು, ಕರಿ ಗಾಜು, ಗಾಜಿನೊಳಗೆ ಕಿಟಕಿ, ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಒಬ್ಬ ಮನುಷ್ಯ ಕೈ ಚಾಚಿಕೊಂಡು. ಕತ್ತಲಾಗುವ ಮೊದಲು ಶೈಲಾ ಮತ್ತೆ ಫೋನು ಮಾಡಿದಳು, ದನಿ ಒಣಗಿತ್ತು, ಜೀವಕ್ಕೇನೂ ಇಲ್ಲಂತ್ರಿ, ಇಂಜೆಕ್ಷನ್ ಕೊಡಲಿಲ್ಲ, ಹೊತ್ತು ಗೊತ್ತಿಲ್ಲದs ಕೊಡಾಕ ಬರಂಗಿಲ್ಲಂತ, ಕೈ ಬಂದ್ರ ಬರಬಹುದಂತ, ಮಾತು ಮಾತ್ರ ಹೇಳಾಕ ಆಗೂದಿಲ್ಲಂತ, ಅವರ ಮಗ ಬಂದಾನ, ನಾ ಈಗ ಬರ್ತೀನಿ, ನೀವು ಊಟ ಮಾಡ್ರಿ, ಮಾಡ್ತೀರಲ್ಲ, ಹೌದು — ಹಾಗಾದರೆ ಬರುವ ಭಾನುವಾರ ಅವನ ಪಾಲಿನದನ್ನು ಯಾರು ಹೇಳುತ್ತಾರೆ, ನನ್ನ ಪಾಲಿನದನ್ನು ಯಾರು, ಯಾದಗಿರಿ ಮೊದಲ ಓವರ್ ಹಾಕುತ್ತಾನೆ, ಚೆಂಡು ಒಳಗೆ ತಿರುಗುತ್ತದೆ, ಯಾರೋ ಕ್ಯಾಚು ಬಿಡುತ್ತಾರೆ, ಅವನೌನ್ ಎನ್ನಲು ಗಂಟಲೇ ಇಲ್ಲ, ಎರಡು ಕುರ್ಚಿ, ಎದುರುಬದುರು, ನಾನು ಹೌದು ಎನ್ನುತ್ತೇನೆ, ಅವನು, ಅವನಿಗೆ ಯಾವ ಶಬ್ದ ಉಳಿದಿದೆಯೋ, ಅವನು ನನ್ನ ಕಡೆ ತಿರುಗಿ ಏನೋ ಕೇಳಿದ್ದ, ಕೇಳಿದ್ದೇನೆ ಎಂದುಕೊಂಡಿದ್ದ, ನಾನು ಏನೋ ಹೇಳುತ್ತೇನೆ ಎಂದು ಕಾದಿದ್ದ, ಎಡಗಡೆಯ ತುಟಿ ಮೇಲೆ, ಬಲಗಡೆಯದು ಕೆಳಗೆ, ಗದ್ದದ ಮೇಲೆ ಭಜ್ಜಿಯ ಚೂರು, ಯಾರಾದರೂ ಒರೆಸಿದರೋ ಇಲ್ಲವೋ, ಎಡಗಡೆಯದು ಮೇಲೆ, ಬಲಗಡೆಯದು ಕೆಳಗೆ, ಆ ಚೂರು, ಅರ್ಧ ನಗು, ಚೂರು